ಮಾವನ ಮುಂದೆ ಮನೆಯ ಮಾತು

ಠಾಣೆಯ ಕಿಸನ್ ನಗರದ ರೂಮಿನ ವಿಷಯವನ್ನು ಸೋದರಮಾವನ ಹತ್ತಿರ ಎತ್ತುವುದು ಹೇಗೆ ಎಂದು ಕೇಳಿದ್ದಿ ಮಗಾ. ಇದು ನಿನ್ನೊಬ್ಬನ ಪಾಡಲ್ಲ. 1962ರಲ್ಲಿ ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ, ಎಂಐಡಿಸಿ, ತನ್ನ ಮೊದಲ ಕೈಗಾರಿಕಾ ವಸಾಹತನ್ನು ಈ ವಾಗ್ಳೆ ಎಸ್ಟೇಟಿನಲ್ಲಿ ಶುರು ಮಾಡಿತು. ಕಾರ್ಖಾನೆಗಳ ಬೆನ್ನಿಗೆ ಕ್ಯಾಂಟೀನು, ಹೋಟೆಲುಗಳು ಬಂದವು, ಅವುಗಳ ಬೆನ್ನಿಗೆ ನಮ್ಮೂರ ಕಡೆಯ ಹುಡುಗರು ಬಂದರು. ಮಾವ ಅಳಿಯನನ್ನು ಕರೆಸಿಕೊಂಡ, ಅಳಿಯ ಗಲ್ಲಾದಲ್ಲಿ ಕೂತ. ಸಂಬಳವೆಂದು ಎಣಿಸಿಕೊಂಡದ್ದು ಕಡಿಮೆ, ಮಾವನ ಕೈಯಲ್ಲೇ ಬಿಟ್ಟದ್ದು ಹೆಚ್ಚು. ಆ ದುಡ್ಡೂ ಸೇರಿ ರೂಮು ಆಯಿತು, ಅಗ್ರಿಮೆಂಟು ಮಾತ್ರ ಮಾವನ ಹೆಸರಿಗಾಯಿತು. ಆಗ ಯಾರೂ ಏನೂ ಕೇಳಲಿಲ್ಲ. 2023ರ ಜೂನಿನಲ್ಲಿ ಕಿಸನ್ ನಗರದಲ್ಲಿ ಹಳೆಯ ಕಟ್ಟಡಗಳನ್ನು ಕೆಡವಿ ಹೊಸದು ಕಟ್ಟುವ ಕ್ಲಸ್ಟರ್ ಯೋಜನೆಗೆ ಭೂಮಿಪೂಜೆಯಾಯಿತು ನೋಡು, ಅಲ್ಲಿಂದ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಕಾಗದ ಯಾರ ಹೆಸರಲ್ಲಿದೆ?

ಸುಮ್ಮನಿದ್ದರೆ ಸಂಬಂಧ ಉಳಿಯುತ್ತದೆ ಎನ್ನುವವರನ್ನು ನಂಬಬೇಡ. ಹಾಗೆ ನುಂಗಿಕೊಂಡ ಮಾತು ಇನ್ನೊಂದು ಮನೆಯಲ್ಲಿ ಮಾವನ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟದ ದಿನ ಜಗಳವಾಗಿ ಹೊರಬಿದ್ದದ್ದನ್ನು ನಾನು ಕಂಡಿದ್ದೇನೆ. ಎಲೆ ಹಾಕಿದ ಮೇಲೆ ಎದ್ದು ಹೋದವರು ಇಂದಿಗೂ ಒಬ್ಬರ ಮನೆಗೊಬ್ಬರು ಕಾಲಿಟ್ಟಿಲ್ಲ. ಮಾತಾಡಲೇಬೇಕು, ಮಾವ ಗಟ್ಟಿಮುಟ್ಟಾಗಿರುವಾಗಲೇ ಮಾತಾಡಬೇಕು.

ಅದಕ್ಕೆ ಮೊದಲು ಕಾಯ್ದೆ ತಿಳಿದುಕೋ. ಅಳಿಯಸಂತಾನದ ಲೆಕ್ಕದಲ್ಲಿ ಮಾವನದ್ದು ಅಳಿಯನಿಗೇ ಎಂದು ಊರಲ್ಲಿ ಯಾರಾದರೂ ಕಿವಿ ಊದಿಯಾರು. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಳಿಯಸಂತಾನದವರಿಗೂ ಅನ್ವಯಿಸುತ್ತದೆ. ಮಾವ ವಿಲ್ ಬರೆಯದಿದ್ದರೆ ಅವರ ಸ್ವಂತ ಹೆಸರಿನ ಮನೆ ಹೆಂಡತಿ ಮಕ್ಕಳಿಗೆ, ತಾಯಿ ಇದ್ದರೆ ತಾಯಿಗೂ ಸೇರುತ್ತದೆ. ಸೊಸೈಟಿಯ ಫಾರ್ಮಿನಲ್ಲಿ ನಿನ್ನನ್ನು ನಾಮಿನಿ ಮಾಡಿದ್ದರೂ ಅಷ್ಟರಿಂದ ಮನೆ ನಿನ್ನದಾಗದು, ವಾರಸುದಾರರ ಹಕ್ಕು ಹಾಗೇ ಇರುತ್ತದೆ. ಇದನ್ನೆಲ್ಲ ಮಾವನ ಮುಂದೆ ಒಪ್ಪಿಸಲು ಹೇಳುತ್ತಿಲ್ಲ. ನೀನು ಬೆವರು ಸುರಿಸಿದ್ದಕ್ಕೆ ರಸೀದಿ ಇಲ್ಲ, ಮಾವನ ನೆನಪೊಂದೇ ನಿನಗಿರುವ ದಾಖಲೆ. ಅವರ ಮನಸ್ಸು ಕೆಡಿಸಿದರೆ ಇರುವ ಒಬ್ಬ ಸಾಕ್ಷಿಯನ್ನೂ ಕಳೆದುಕೊಂಡಂತೆ. ಅದನ್ನು ತಿಳಿದು ಮಾತಾಡು.

ರಾತ್ರಿ ಹೋಟೆಲು ಮುಚ್ಚಿ, ಗಲ್ಲಾದ ಲೆಕ್ಕ ಹೊಂದಿಸುವಾಗ ಈ ಮಾತು ಎತ್ತಬೇಡ. ಮನೆಯ ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. ಮಧ್ಯಾಹ್ನದ ಊಟದ ಗಿರಾಕಿಗಳು ಹೋಗಿ, ಸಂಜೆಯ ಚಹಾದವರು ಬರುವ ಮುಂಚೆ, ಮೂರರಿಂದ ನಾಲ್ಕರವರೆಗೆ ಹೋಟೆಲು ಖಾಲಿ ಇರುತ್ತದಲ್ಲ, ಆಗ ಮಾವ ಕಾಲು ಚಾಚಿ ಪೇಪರ್ ಓದುತ್ತಾರೆ. ಹತ್ತಿರ ಕೂತು ಕೇಳು: “ಮಾವ, ಈ ರೂಮು ತೆಗೆಯುವಾಗ ದುಡ್ಡು ಹೇಗೆ ಹೊಂದಿಸಿದಿರಿ?”

ಆಮೇಲೆ ಸುಮ್ಮನಿರು. ಅವರು ಚೀಟಿಯ ಕತೆ ಹೇಳುತ್ತಾರೆ, ಅತ್ತೆಯ ಬಳೆ ಅಡವಿಟ್ಟದ್ದು ಹೇಳುತ್ತಾರೆ. ನಿನ್ನ ಹೆಸರು ಬಿಟ್ಟರೂ ನಡುವೆ ಬಾಯಿ ಹಾಕಬೇಡ. ಪೂರ್ತಿ ಮುಗಿದ ಮೇಲೆ, “ನನ್ನ ಸಂಬಳವೂ ಅದರಲ್ಲಿ ಸೇರಿತ್ತಲ್ಲ ಮಾವ, ಅದಕ್ಕೇನು ಮಾಡೋಣ ಅಂತೀರಿ?” ಎಂದು ಕೇಳು. ಪಾಲು ಕೊಡಿ ಎಂದರೆ ಅವರು ಕೊಡುವವರಾಗುತ್ತಾರೆ, ನೀನು ಬೇಡುವವನಾಗುತ್ತೀ. ಏನು ಮಾಡೋಣ ಎಂದರೆ ಇಬ್ಬರೂ ಕೂಡಿ ಯೋಚಿಸಬೇಕಾಗುತ್ತದೆ.

ಇನ್ನೊಂದು. ಅವರ ಉಪಕಾರವನ್ನು ಆ ದಿನ ಹಾಡಿ ಹೊಗಳಬೇಡ. ದುಡ್ಡು ಕೇಳಲಿಕ್ಕೆ ಪೀಠಿಕೆ ಹಾಕಿದ ಎಂದೇ ಅವರಿಗೆ ಕಾಣುತ್ತದೆ, ಜೀವಮಾನದ ಕೃತಜ್ಞತೆ ಅಗ್ಗವಾಗುತ್ತದೆ. ಅದನ್ನು ಬೇರೆ ದಿನ ಹೇಳು, ಏನೂ ಕೇಳುವುದಿಲ್ಲದ ದಿನ.

ಸಿಟ್ಟು ಬಂದೀತು. “ನಿನ್ನನ್ನು ಊರಿಂದ ಕರೆತಂದವನು ಯಾರು?” ಎಂದಾರು. “ನೀವೇ ಮಾವ” ಎನ್ನು. ನಿಜವನ್ನು ಒಪ್ಪಿಕೊಂಡರೆ ನಿನ್ನ ನ್ಯಾಯವೇನೂ ಸಣ್ಣದಾಗುವುದಿಲ್ಲ. ದುಡಿದ ವರ್ಷಗಳನ್ನು ಆಗ ಎಣಿಸಲು ಹೋಗಬೇಡ. ಮಾತು ಬಿಸಿಯಾದರೆ ಎದ್ದುಬಿಡು, ಆದರೆ ಮತ್ತೆ ಯಾವ ದಿನ ಕೂರುವುದು ಎಂದು ಗೊತ್ತುಮಾಡಿಕೊಂಡೇ ಏಳು. ಎರಡನೇ ಸಲವೂ ಆಗದಿದ್ದರೆ ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಕೂರಿಸಿಕೊಳ್ಳಿ, ವಕೀಲರ ಮೆಟ್ಟಿಲು ಆಮೇಲಿನದ್ದು.

ಒಪ್ಪಿದರೆ ಅದೇ ವಾರ ಬರವಣಿಗೆಯಾಗಲಿ. ವಿಲ್ ಬರೆಯಲು ಸ್ಟ್ಯಾಂಪ್ ಪೇಪರ್ ಬೇಡ, ಬಿಳಿ ಹಾಳೆಯಲ್ಲಿ ಮಾವನ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇದ್ದರಾಯಿತು. ಮನೆಯ ಬದಲು ದುಡ್ಡು ಕೊಡುತ್ತೇನೆ ಎಂದರೆ ಮೊತ್ತವನ್ನೂ ಗಡುವನ್ನೂ ಬರೆಸಿಕೋ. ಬರೆಯುವಾಗ ಅತ್ತೆ ಎದುರಿಗಿರಬೇಕು. ಅವರ ಬಳೆಯೂ ಆ ಗೋಡೆಗಳಲ್ಲಿದೆ, ಅವರಿಗೆ ತಿಳಿಯದೆ ಮಾಡಿದ್ದು ಕಾಯ್ದೆಯಲ್ಲಿ ನಿಂತರೂ ಮನೆಯಲ್ಲಿ ನಿಲ್ಲುವುದಿಲ್ಲ.

ಮಾವನ ಮಗಳಿಗೆ ಇವತ್ತೇ ಫೋನು ಮಾಡು, ಮಾವನ ಹತ್ತಿರ ಹೋಗುವ ಮುಂಚೆ. ಕಾಯ್ದೆಯ ಪ್ರಕಾರ ಆ ಮನೆಗೆ ಅವಳು ವಾರಸುದಾರಳು, ನಿನ್ನ ಜೊತೆ ಒಂದೇ ಚಾಪೆಯಲ್ಲಿ ಕೂತು ಓದಿದವಳು. ಏನು ಕೇಳಲಿದ್ದೀ, ಎಷ್ಟು ಕೇಳಲಿದ್ದೀ ಎಂಬುದನ್ನು ಅವಳು ನಿನ್ನ ಬಾಯಿಂದಲೇ ಮೊದಲು ಕೇಳಲಿ.