ಒಂದೇ ಸರಾಸರಿ, ನಾಲ್ಕು ಚಿತ್ರಗಳು

ವರ್ಷಾಂತ್ಯದಲ್ಲಿ ಲೆಕ್ಕಪತ್ರಗಳನ್ನು ಮುಂದಿಟ್ಟುಕೊಂಡು ಸರಾಸರಿ ಮಾರಾಟವೆಷ್ಟು, ಜಾಹೀರಾತಿನ ವೆಚ್ಚದಿಂದ ದೊರೆತ ಫಲವೆಷ್ಟು ಎಂದು ತಾಳೆ ನೋಡುವುದು ವರ್ತಕರ ವಾಡಿಕೆ. ಮುಂದಿನ ವರ್ಷದ ದಾಸ್ತಾನು, ಬ್ಯಾಂಕ್ ಸಾಲ, ಹೊಸ ಯಂತ್ರದ ಖರೀದಿ ಇವೆಲ್ಲವೂ ಅನೇಕ ವೇಳೆ ಇಂತಹ ನಾಲ್ಕಾರು ಅಂಕಿಗಳನ್ನೇ ಅವಲಂಬಿಸಿರುತ್ತವೆ. ಆದರೆ ಲೆಕ್ಕದಲ್ಲಿ ತಪ್ಪಿಲ್ಲದಿದ್ದರೂ ನಿರ್ಧಾರ ತಪ್ಪಾಗಬಹುದು. ಸಂಖ್ಯಾಶಾಸ್ತ್ರದ ಪ್ರಾರಂಭಿಕ ತರಗತಿಗಳಲ್ಲಿ ಇದನ್ನು ಮನದಟ್ಟು ಮಾಡಿಕೊಡಲು ಬಳಸುವ ಪ್ರಸಿದ್ಧ ಉದಾಹರಣೆಯೊಂದು ಉದ್ಯಮಿಗಳಿಗೂ ಅಷ್ಟೇ ಉಪಯುಕ್ತವಾಗಿದೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ 1973ರಲ್ಲಿ ನಾಲ್ಕು ಪುಟ್ಟ ಅಂಕಿಪಟ್ಟಿಗಳನ್ನು ಪ್ರಕಟಿಸಿದರು. ಲೆಕ್ಕಾಚಾರವೇ ನಿಖರ, ನಕ್ಷೆ ಕೇವಲ ಸ್ಥೂಲ ಎಂಬ ಅಂದಿನ ಭಾವನೆಯನ್ನು ಹೋಗಲಾಡಿಸುವುದು ಅವರ ಉದ್ದೇಶವಾಗಿತ್ತು. ಪ್ರತಿ ಪಟ್ಟಿಯಲ್ಲಿಯೂ 11 ಜೋಡಿ ಅಂಕಿಗಳಿವೆ. ಅವು ಬೋಧನೆಗಾಗಿ ರಚಿಸಿದ ಅಂಕಿಗಳು. ಅರ್ಥವಾಗುವ ಸಲುವಾಗಿ ಜೋಡಿಯ ಮೊದಲ ಅಂಕಿಯನ್ನು ತಿಂಗಳ ಜಾಹೀರಾತು ವೆಚ್ಚ (ಸಾವಿರ ರೂ.ಗಳಲ್ಲಿ) ಎಂದೂ ಎರಡನೆಯದನ್ನು ಮಾರಾಟ (ಲಕ್ಷ ರೂ.ಗಳಲ್ಲಿ) ಎಂದೂ ಭಾವಿಸಿಕೊಳ್ಳಬಹುದು.

ಲೆಕ್ಕ ಹೇಳುವುದೇನು?

ನಾಲ್ಕು ಪಟ್ಟಿಗಳಲ್ಲಿಯೂ ಸರಾಸರಿ ವೆಚ್ಚ 9 ಸಾವಿರ, ಸರಾಸರಿ ಮಾರಾಟ 7.50 ಲಕ್ಷ. ಇವೆರಡರ ಸಹಸಂಬಂಧ ಗುಣಾಂಕ ಸುಮಾರು 0.82. ವೆಚ್ಚದ ಅರ್ಧಕ್ಕೆ 3 ಕೂಡಿಸಿದರೆ ಮಾರಾಟದ ಅಂದಾಜು ದೊರೆಯುತ್ತದೆ ಎಂಬ ಸೂತ್ರವೂ ನಾಲ್ಕಕ್ಕೂ ಒಂದೇ. ಅಂದರೆ ಒಂದು ಸಾವಿರ ರೂ. ಹೆಚ್ಚು ವೆಚ್ಚ ಮಾಡಿದರೆ ಮಾರಾಟ 50 ಸಾವಿರ ರೂ. ಹೆಚ್ಚಬೇಕು. ಈ ಅಂಕಿಗಳನ್ನಷ್ಟೇ ನೋಡಿದವರಿಗೆ ನಾಲ್ಕೂ ಒಂದೇ ಬಗೆಯ ವ್ಯಾಪಾರವೆಂದು ತೋರುವುದು ಸಹಜ.

ನಕ್ಷೆ ತೋರುವುದೇನು?

ಇದೇ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಬಿಂದುಗಳಾಗಿ ಗುರುತಿಸಿದಾಗ ಸಂಗತಿ ಬೇರೆಯಾಗುತ್ತದೆ. ಮೊದಲನೆಯ ಪಟ್ಟಿಯಲ್ಲಿ ಬಿಂದುಗಳು ಏರುರೇಖೆಯ ಆಚೀಚೆ ಹರಡಿಕೊಂಡಿವೆ. ಸೂತ್ರವು ಇಲ್ಲಿ ತಕ್ಕಮಟ್ಟಿಗೆ ನಂಬಲರ್ಹ.

ಎರಡನೆಯದರಲ್ಲಿ ಬಿಂದುಗಳು ಕಮಾನಿನಂತೆ ಬಾಗಿವೆ. ವೆಚ್ಚ 11 ಸಾವಿರವಿದ್ದಾಗ ಮಾರಾಟ 9.26 ಲಕ್ಷಕ್ಕೇರಿ, 14 ಸಾವಿರವಾದಾಗ 8.10 ಲಕ್ಷಕ್ಕಿಳಿಯುತ್ತದೆ. ಸೂತ್ರವನ್ನು ನಂಬಿ 10 ಲಕ್ಷದ ಮಾರಾಟಕ್ಕೆ ಸರಕು ತರಿಸಿದವರ ಉಗ್ರಾಣದಲ್ಲಿ ದಾಸ್ತಾನು ಉಳಿಯುವುದು ಖಂಡಿತ.

ಮೂರನೆಯದರಲ್ಲಿ ಹತ್ತು ಬಿಂದುಗಳು ನೇರವಾದ ಒಂದೇ ಸಾಲಿನಲ್ಲಿವೆ. ಒಂದು ಮಾತ್ರ 12.74 ಲಕ್ಷಕ್ಕೆ ನೆಗೆದಿದೆ. ಅದನ್ನು ಬದಿಗಿಟ್ಟರೆ ಒಂದು ಸಾವಿರದ ವೆಚ್ಚಕ್ಕೆ ಹೆಚ್ಚುವ ಮಾರಾಟ 50 ಸಾವಿರವಲ್ಲ, ಸುಮಾರು 35 ಸಾವಿರ ಮಾತ್ರ. ಅಂತಹ ನೆಗೆತ ಹಬ್ಬದ ಸಗಟು ಬೇಡಿಕೆಯಿರಬಹುದು, ಗುಮಾಸ್ತರ ಕೈತಪ್ಪೂ ಇರಬಹುದು.

ನಾಲ್ಕನೆಯದು ಎಲ್ಲಕ್ಕಿಂತ ಅಪಾಯಕಾರಿ. ಹತ್ತು ತಿಂಗಳು ವೆಚ್ಚ 8 ಸಾವಿರವೇ. ಮಾರಾಟ ಮಾತ್ರ 5.25ರಿಂದ 8.84 ಲಕ್ಷದವರೆಗೆ ಏರಿಳಿದಿದೆ. ಒಂದು ತಿಂಗಳು ವೆಚ್ಚ 19 ಸಾವಿರ, ಮಾರಾಟ 12.50 ಲಕ್ಷ. ಇಡೀ ಸೂತ್ರ ನಿಂತಿರುವುದು ಆ ಒಂದೇ ತಿಂಗಳ ಮೇಲೆ. ಅದನ್ನು ತೆಗೆದರೆ ವೆಚ್ಚಕ್ಕೂ ಮಾರಾಟಕ್ಕೂ ಇರುವ ಸಂಬಂಧವನ್ನು ಲೆಕ್ಕಹಾಕಲು ಆಧಾರವೇ ಉಳಿಯದು. ಒಂದೇ ದೊಡ್ಡ ಬೇಡಿಕೆಯನ್ನು ನೆಚ್ಚಿ ಸಾಲ ಮಾಡಿ ಯಂತ್ರ ತರಿಸುವ ಉದ್ಯಮಿಯ ಸ್ಥಿತಿಯೂ ಇದೇ.

ಅನುಸರಿಸಬೇಕಾದ ಕ್ರಮ

ಸರಾಸರಿಯನ್ನು ಕಂಡುಹಿಡಿಯುವ ಮುನ್ನ ತಿಂಗಳವಾರು ಅಂಕಿಗಳನ್ನು ನಕ್ಷೆಯಲ್ಲಿ ಗುರುತಿಸುವುದು ಒಳಿತು. ಗ್ರಾಫ್ ಹಾಳೆ ಸಾಕು; ಕಂಪ್ಯೂಟರ್ ಇದ್ದಲ್ಲಿ ಎಕ್ಸೆಲ್‌ನ ಬಿಂದುನಕ್ಷೆಯಿಂದ ಕೆಲವೇ ನಿಮಿಷಗಳಲ್ಲಿ ಇದು ಸಾಧ್ಯ. ಗುಂಪಿನಿಂದ ದೂರವಿರುವ ಬಿಂದುವನ್ನು ಕೂಡಲೇ ಅಳಿಸದೆ ಮೂಲ ಬಿಲ್ಲಿನೊಂದಿಗೆ ತಾಳೆ ನೋಡಬೇಕು. ಅದನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕಬೇಕು. ಎರಡು ಉತ್ತರಗಳ ನಡುವೆ ಬಹಳ ಅಂತರವಿದ್ದರೆ ಬಂಡವಾಳ ಹೂಡುವ ನಿರ್ಧಾರವನ್ನು ಇನ್ನಷ್ಟು ತಿಂಗಳ ಅಂಕಿಗಳು ದೊರೆಯುವವರೆಗೆ ಮುಂದೂಡುವುದೇ ವಿವೇಕ.