ಹುಳುಮನೆಯ ಕಡ್ಡಿಯಲ್ಲಿ ಟೊಮೆಟೊಗೆ ಆಸರೆ

ಮೇಲೂರಿನಲ್ಲಿದ್ದುಕೊಂಡು ಹಿತ್ತಲಿನ ಟೊಮೆಟೊಗೆ ಊರುಗೋಲು ಕೊಳ್ಳಲು ಅಂಗಡಿಗೆ ಹೋಗುವುದು ದಂಡದ ಖರ್ಚು. ಮೇಲೂರಿರುವ ಶಿಡ್ಲಘಟ್ಟ ಸೀಮೆ ರೇಷ್ಮೆಯ ಸೀಮೆ. ದೊಡ್ಡ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪನ್ನು ಕಡ್ಡಿ ಸಮೇತ ಹಾಸುತ್ತಾರೆ. ಹುಳು ಎಲೆ ತಿಂದು ಮುಗಿಸಿದ ಮೇಲೆ ಬೋಳು ಕಡ್ಡಿ ಹುಳುಮನೆಯ ಹಿಂದೆ ರಾಶಿ ಬೀಳುತ್ತದೆ. ಅದು ಒಲೆ ಸೇರುವ ಮೊದಲು ಒಂದು ಹೊರೆ ಕೇಳಿ ತನ್ನಿ.

ಹಂತ 1: ಆಯ್ಕೆ. ಒಂದು ಗಿಡಕ್ಕೆ ನಾಲ್ಕೈದು ಅಡಿಯ ಮೂರು ಕಡ್ಡಿ ಸಾಕು. ಹೆಬ್ಬೆರಳು ದಪ್ಪದವು ಸಿಕ್ಕರೆ ಒಳ್ಳೆಯದು; ತೋಟದ ಬುಡ ಸವರುವಾಗ ಇಂಥವು ಸಿಗುತ್ತವೆ. ಸಣಕಲು ಕಡ್ಡಿ ಮೆಣಸಿನ ಗಿಡಕ್ಕಿರಲಿ.

ಹಂತ 2: ಒಣಗಿಸುವುದು. ಹೊಸಬರು ಎಡವುವುದು ಇಲ್ಲೇ. ಹಿಪ್ಪುನೇರಳೆಯನ್ನು ಬೆಳೆಸುವುದೇ ಕಡ್ಡಿ ನೆಟ್ಟು. ಹಸಿ ಕಡ್ಡಿ ಊರಿದರೆ ಅದೂ ಬೇರು ಬಿಟ್ಟು ಚಿಗುರೀತು, ಟೊಮೆಟೊಗೆ ಹಾಕಿದ ನೀರು ಗೊಬ್ಬರವನ್ನೆಲ್ಲ ತಾನೇ ಹೀರೀತು. ಎರಡು ಮೂರು ವಾರ ಬಿಸಿಲಿಗೆ ಹರಡಿ. ಉಗುರಿನಿಂದ ತೊಗಟೆ ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಇನ್ನೂ ಕಾಯಬೇಕು.

ಹಂತ 3: ಊರುವುದು. ಸಸಿ ನೆಡುವ ದಿನವೇ ಊರಿ. ಗಿಡ ಬೆಳೆದ ಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ. ಸಸಿಯ ಸುತ್ತ ಗೇಣು ದೂರದಲ್ಲಿ ಮೂರು ಕಡ್ಡಿಗಳನ್ನು ಮುಕ್ಕಾಲು ಅಡಿ ಆಳಕ್ಕೆ ಇಳಿಸಿ, ತುದಿಗಳನ್ನು ಒಟ್ಟಿಗೆ ತಂದು ಹುರಿಯಿಂದ ಬಿಗಿಯಿರಿ. ನೆಲ ಗಟ್ಟಿಯಿದ್ದರೆ ಮೊದಲು ಹಾರೆಯಿಂದ ಕುಳಿ ಮಾಡಿ. ಒಂಟಿ ಕಡ್ಡಿಯನ್ನು ನಂಬಬೇಡಿ, ಆಷಾಢದ ಗಾಳಿಗೆ ಅದು ಗಿಡದೊಂದಿಗೇ ಮಲಗುತ್ತದೆ. ನಡುವೆ ಅಡ್ಡಕಡ್ಡಿ ಕಟ್ಟಿದರೆ ಮುಕ್ಕಾಲಿ ಇನ್ನೂ ಭದ್ರ.

ಹಂತ 4: ಗಿಡ ಕಟ್ಟುವುದು. ಗಿಡ ಒಂದಡಿಯಾದಾಗ ಮೊದಲ ಕಟ್ಟು, ಆಮೇಲೆ ಗೇಣಿಗೊಂದು. ಹಳೆಯ ಹತ್ತಿ ಸೀರೆಯ ಪಟ್ಟಿಯಷ್ಟು ಹಿತವಾದದ್ದು ಬೇರೆಯಿಲ್ಲ. ತಂತಿ ಕಾಂಡವನ್ನು ಕೊಯ್ಯುತ್ತದೆ. ಪಟ್ಟಿಯನ್ನು ಕಡ್ಡಿಗೆ ಬಿಗಿಯಾಗಿ ಸುತ್ತಿ, ನಡುವೆ ಒಮ್ಮೆ ಹೊರಳಿಸಿ, ಕಾಂಡದ ಸುತ್ತ ಕಿರುಬೆರಳು ತೂರುವಷ್ಟು ಸಡಿಲ ಬಿಟ್ಟು ಗಂಟು ಹಾಕಿ. ಹೂಗೊಂಚಲಿನ ಮೇಲೆ ಕಟ್ಟು ಬೀಳದಿರಲಿ.

ಈ ಮುಕ್ಕಾಲಿ ಟೊಮೆಟೊ, ಡೇಲಿಯಾಗಳಿಗೆ ಸರಿ. ಹೀರೆ, ಸೋರೆ ಬಳ್ಳಿಯ ಭಾರವನ್ನು ಇದು ತಾಳದು, ಅವನ್ನು ಹಬ್ಬಿಸುವವರು ಚಪ್ಪರವನ್ನೇ ಹಾಕಬೇಕು. ಇಲ್ಲಿನ ದ್ರಾಕ್ಷಿ ತೋಟಗಳಲ್ಲಿ ಚಪ್ಪರಕ್ಕೆ ಕಲ್ಲುಕಂಬ ನಿಲ್ಲಿಸುವುದು ಸುಮ್ಮನೆ ಅಲ್ಲ.

ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದರೆ ಟೊಮೆಟೊಗೆ ಕೀಟನಾಶಕ ಹೊಡೆಯಬೇಡಿ. ಗಾಳಿಗೆ ತೂರಿ ಸೊಪ್ಪಿನ ಮೇಲೆ ಬಿದ್ದರೆ ಹುಳು ಸಾಯುತ್ತವೆ, ಮುಂದಿನ ವರ್ಷ ಕಡ್ಡಿ ಕೇಳಲು ನಿಮಗೆ ಮುಖವಿರದು.

ಹಂತ 5: ಬೆಳೆ ಮುಗಿದ ಮೇಲೆ. ಕಡ್ಡಿ ಕಿತ್ತು, ಮಣ್ಣು ತೊಳೆದು, ಬಿಸಿಲಿಗಿಟ್ಟು ಎತ್ತಿಡಿ. ಬಾಡುರೋಗ ತಗುಲಿದ ಗಿಡದ ಕಡ್ಡಿ ಮಾತ್ರ ನೇರ ಒಲೆಗೆ.