ಮುತ್ಯಾನ ಗಾಣ ಕಲಿಸಿದ ಲೆಕ್ಕ

ಸುರಪುರ ಕಡೆಯ ನಮ್ಮ ಹಳ್ಳಿಯಲ್ಲಿ ಮುತ್ಯಾ ಎತ್ತಿನ ಗಾಣ ನಡೆಸುತ್ತಿದ್ದ. ಒಂದು ಎತ್ತು, ಕಟ್ಟಿಗೆಯ ಗಾಣ, ಮನೆಮಂದಿಯ ದುಡಿಮೆ - ಇಷ್ಟೇ ಬಂಡವಾಳ. ಎರೆ ಹೊಲದ ಹಿಂಗಾರಿ ಜೋಳಕ್ಕೆ ಆಗ ಕುಸುಬಿಯೇ ಬೇಲಿ. ಮುಳ್ಳಿಗೆ ಹೆದರಿ ದನ ಒಳಗೆ ಬರುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಅದೇ ಬೇಲಿ ವರ್ಷದ ಎಣ್ಣೆ ಕೊಡುತ್ತಿತ್ತು.

ಮುತ್ಯಾ ಕಾಳು ನೋಡದೆ ಗಾಣಕ್ಕೆ ಹಾಕಿದವನಲ್ಲ. ನಾಲ್ಕು ಕಾಳು ಹಲ್ಲಿನಲ್ಲಿ ಕಡಿದಾಗ 'ಕಟಕ್' ಅಂದರೆ ಮಾತ್ರ ಒಳಗೆ. ಮೆತ್ತಗಿದ್ದರೆ, "ಇನ್ನೆರಡು ಬಿಸಿಲು ಕೊಟ್ಟು ತಾ ತಮ್ಮಾ" ಅಂತ ವಾಪಸು ಕಳಿಸುತ್ತಿದ್ದ. ಹಸಿ ಕಾಳಿಗೆ ಎಣ್ಣೆ ಕಡಿಮೆ, ಹಿಂಡಿಯೂ ಬೇಗ ಕೆಡುತ್ತದೆ. 10 ಕಿಲೋ ಕುಸುಬಿಗೆ ಸುಮಾರು 2 ಕಿಲೋ ಎಣ್ಣೆ. ರೊಕ್ಕ ಇಲ್ಲದವರು ಕೂಲಿಗೆ ಹಿಂಡಿ ಬಿಟ್ಟು ಹೋಗುತ್ತಿದ್ದರು. ಗಾಣದ ಎತ್ತಿಗೆ ಅದೇ ಮೇವು. ಎಣ್ಣೆ ಮೂರ್ನಾಲ್ಕು ದಿನ ಅಲುಗಾಡದೆ ಇರಬೇಕು, ಗಸಿ ಇಳಿದ ಮೇಲೆ ತಿಳಿ ಬಸಿಯಬೇಕು ಅನ್ನೋದು ಅವನ ಕಟ್ಟಪ್ಪಣೆ.

ಗಾಣ ನಿಂತದ್ದೇಕೆ? 1982ರಲ್ಲಿ ನಾರಾಯಣಪುರ ಆಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿದಂತೆ ಭತ್ತ, ಹತ್ತಿ ಬಂದವು. ಕುಸುಬಿ ಹಿಂದೆ ಸರಿಯಿತು. ಅಂಗಡಿಯಲ್ಲಿ ಅಗ್ಗದ ಎಣ್ಣೆಯೂ ಸಿಕ್ಕಿತು. ಕಾಳೇ ಬಾರದ ಮೇಲೆ ಗಾಣಕ್ಕೇನು ಕೆಲಸ?

ಈಗ ಕರೆಂಟಿನ ಮರದ ಗಾಣ ಹಾಕುವ ಆಸೆ ಹಲವರಿಗಿದೆ. ಸಾಲ ಮಾಡುವ ಮೊದಲು ಮೂರು ಲೆಕ್ಕ ಬರೆಯಿರಿ:

1. ಸುತ್ತಲಿನ ಹೊಲಗಳಿಂದ ವರ್ಷಕ್ಕೆ ಎಷ್ಟು ಕಾಳು ಬರುತ್ತದೆ?
2. ದುಬಾರಿಯಾದರೂ ತಿಂಗಳು ತಿಂಗಳು ಎಣ್ಣೆ ಒಯ್ಯುವ ಮನೆ ಎಷ್ಟು?
3. ಹಿಂಡಿ ಯಾರು ಕೊಳ್ಳುತ್ತಾರೆ?

ಎಣ್ಣೆ ಮಾರೋದಾದರೆ ಆಹಾರ ಸುರಕ್ಷತಾ ನೋಂದಣಿಯೂ ಬೇಕು. ಮೊದಲ ಹೆಜ್ಜೆಗೆ ಯಂತ್ರ ಬೇಡ. ಬರುವ ಹಿಂಗಾರಿಗೆ ಜೋಳದ ಅಂಚಿಗೆ ನಾಲ್ಕು ಸಾಲು ಕುಸುಬಿ ಬಿತ್ತಿ. ಇರುವ ಗಾಣದಲ್ಲೇ ಎಣ್ಣೆ ತೆಗೆಸಿ, ಲೆಕ್ಕ ಹಾಕಿ ನೋಡಿ.